ಬಿಸಿನೀರಿನ ಟಬ್ಬು ಮಾರುವವರು ನೀರನ್ನೂ ಅಳೆಯಬೇಕು

ಸ್ನಾನಗೃಹದ ಸಾಮಗ್ರಿಗಳ ವ್ಯಾಪಾರಕ್ಕೆ ಇತ್ತೀಚೆಗೆ ಒಂದು ಹೊಸ ಸರಕು ಸೇರ್ಪಡೆಯಾಗಿದೆ. ನಾಲ್ಕಾರು ಜನ ಒಟ್ಟಿಗೆ ಕುಳಿತುಕೊಳ್ಳಬಹುದಾದ, ಪಂಪು, ಹೀಟರು ಮತ್ತು ಫಿಲ್ಟರು ಒಳಗೊಂಡ ಬಿಸಿನೀರಿನ ಟಬ್ಬು ಅದು. ಕಬಿನಿ ಹಿನ್ನೀರಿನ ರೆಸಾರ್ಟುಗಳಲ್ಲಿ ಒಂದೆರಡು ದಿನ ತಂಗಿ ಬಂದ ಅನುಕೂಲಸ್ಥರು ಅದೇ ಸೌಕರ್ಯವನ್ನು ತಮ್ಮ ತೋಟದ ಮನೆಗೋ ಹೊಸ ಮನೆಯ ಮಹಡಿಗೋ ತರಲು ಬಯಸುವುದು ಸಹಜ. ಗಾಳಿ ತುಂಬಿ ಉಬ್ಬಿಸುವ ಅಗ್ಗದ ಮಾದರಿಗಳು ಅಂತರಜಾಲದ ಮಳಿಗೆಗಳಲ್ಲಿಯೂ ದೊರೆಯುತ್ತಿವೆ. ಬೇಡಿಕೆ ಇನ್ನೂ ದೊಡ್ಡದಲ್ಲ. ಆದರೆ ಒಂದೊಂದು ಮಾರಾಟದ ಮೊತ್ತ ದೊಡ್ಡದು. ಆದ್ದರಿಂದಲೇ ಮೈಸೂರು, ನಂಜನಗೂಡು ಭಾಗದ ಸ್ಯಾನಿಟರಿ ವರ್ತಕರು ಈ ಸರಕಿನತ್ತ ಆಸಕ್ತಿಯಿಂದ ನೋಡಬೇಕಾಗಿದೆ. ಆದರೆ ಕಂಪನಿಗಳ ಬಣ್ಣದ ಪುಸ್ತಿಕೆಗಳಲ್ಲಿ ಎಷ್ಟು ಜೆಟ್ಟುಗಳಿವೆ, ಎಷ್ಟು ಆಸನಗಳಿವೆ, ಯಾವ ಬಣ್ಣದ ದೀಪಗಳಿವೆ ಎಂಬ ವಿವರಗಳು ತುಂಬಿರುತ್ತವೆಯೇ ಹೊರತು, ಆ ಟಬ್ಬಿಗೆ ಎಂತಹ ನೀರು ತುಂಬಬೇಕು ಎಂಬ ಮಾತು ಕೊನೆಯ ಪುಟದ ಸಣ್ಣ ಅಕ್ಷರಗಳಲ್ಲಿರುತ್ತದೆ. ಟಬ್ಬು ಎಲ್ಲಿಂದಲೋ ಬರುತ್ತದೆ. ನೀರು ಮಾತ್ರ ಇಲ್ಲಿಯದೇ. ಇವೆರಡನ್ನೂ ಹೊಂದಿಸುವ ಹೊಣೆ ಮಾರುವವನದು ಎಂದು ಒಪ್ಪಿಕೊಳ್ಳದಿದ್ದರೆ ಈ ವ್ಯಾಪಾರ ಬೆಳೆಯುವ ಮೊದಲೇ ಹೆಸರು ಕೆಡಿಸಿಕೊಳ್ಳುವ ಸಂಭವವಿದೆ.

ಬಿಸಿನೀರಿನ ಸ್ನಾನ ಈ ನಾಡಿಗೆ ಹೊಸತಲ್ಲ. ಬಚ್ಚಲುಮನೆಯ ತಾಮ್ರದ ಹಂಡೆ, ಅದರ ಕೆಳಗಿನ ಒಲೆ, ನರಕ ಚತುರ್ದಶಿಯ ಹಿಂದಿನ ಸಂಜೆಯ ನೀರು ತುಂಬುವ ಹಬ್ಬ, ಮರುದಿನ ಬೆಳಗಿನ ಜಾವದ ಎಣ್ಣೆಸ್ನಾನ ಇವೆಲ್ಲ ಮನೆಮನೆಯ ಸಂಗತಿಗಳು. ಹಬ್ಬಕ್ಕೆ ಮುನ್ನ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗುವಾಗ ಒಳಗಡೆ ಕಟ್ಟಿದ ಬಿಳಿಯ ಪರೆಯನ್ನು ಕಾಣದ ಗೃಹಿಣಿಯಿಲ್ಲ. ಆದರೆ ಹಂಡೆಗೂ ಟಬ್ಬಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಹಂಡೆಯ ನೀರನ್ನು ಮೊಗೆದು ಸುರಿದುಕೊಂಡರೆ ಮುಗಿಯಿತು. ಅದು ಬಚ್ಚಲ ಮೋರಿಗೆ ಹರಿದುಹೋಗುತ್ತದೆ, ನಾಳೆ ಬೇರೆ ನೀರು. ಟಬ್ಬಿನಲ್ಲಿ ತುಂಬಿದ ಸಾವಿರಕ್ಕೂ ಮಿಕ್ಕಿದ ಲೀಟರು ನೀರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಅಲ್ಲಿಯೇ ಇರುತ್ತದೆ. ಅದೇ ನೀರು ಕಾಯುತ್ತದೆ, ಪಂಪಿನಲ್ಲಿ ತಿರುಗುತ್ತದೆ, ಗಾಳಿ ಸೇವಿಸುತ್ತದೆ, ಅದರಲ್ಲಿಯೇ ಮತ್ತೆ ಮತ್ತೆ ಜನ ಇಳಿಯುತ್ತಾರೆ. ಸುರಿದುಕೊಳ್ಳುವ ಸ್ನಾನದ ರೂಢಿಯುಳ್ಳ ಗ್ರಾಹಕನಿಗೆ ಈ ವ್ಯತ್ಯಾಸ ತಾನಾಗಿಯೇ ಹೊಳೆಯುತ್ತದೆ ಎಂದು ಭಾವಿಸುವುದು ತಪ್ಪು.

ಕಾಯಿಸುವ ನೀರನ್ನು ಒಂದು ಕಚ್ಚಾ ಸಾಮಗ್ರಿಯಂತೆ ಪರಿಗಣಿಸುವ ತಿಳಿವಳಿಕೆ ಈ ಭಾಗದ ಉದ್ಯಮಕ್ಕೆ ಹೊಸದೇನೂ ಅಲ್ಲ ಎಂಬುದು ಇಲ್ಲಿ ಗಮನಾರ್ಹ. ತಿರುಮಕೂಡಲು ನರಸೀಪುರದಲ್ಲಿ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಫಿಲೇಚರ್ ಇದೆ. ಮೈಸೂರು ರೇಷ್ಮೆ ಸೀರೆಗೆ ಬೇಕಾದ ನೂಲು ಅಲ್ಲಿ ತಯಾರಾಗುತ್ತದೆ. ಗೂಡು ಬೇಯಿಸಿ ನೂಲು ಬಿಚ್ಚುವವರು ಬಿಸಿನೀರಿನ ಗುಣವನ್ನು ಬಲ್ಲರು. ನೀರಿನ ಕ್ಷಾರತೆ ಮಿತಿಮೀರಿದರೆ ಗೂಡಿನ ಅಂಟು ಅಗತ್ಯಕ್ಕಿಂತ ಹೆಚ್ಚಾಗಿ ಕರಗಿ ನೂಲಿನ ಇಳುವರಿ ತಗ್ಗುತ್ತದೆ. ನೀರು ಕೆಟ್ಟರೆ ನೂಲಿನ ಹೊಳಪೂ ಕೆಡುತ್ತದೆ. ಹಾಗೆಯೇ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಬಾಯ್ಲರ್ ಇಟ್ಟುಕೊಂಡಿರುವ ಯಾವ ಕಾರ್ಖಾನೆಯೂ ಕೊಳವೆಬಾವಿಯ ನೀರನ್ನು ಹಾಗೆಯೇ ಬಾಯ್ಲರಿಗೆ ಬಿಡುವುದಿಲ್ಲ. ಬಾಯ್ಲರ್ ಮಾರುವವನು ಮೊದಲು ಕೇಳುವ ಪ್ರಶ್ನೆಯೇ ನೀರಿನ ಪರೀಕ್ಷಾ ವರದಿಯ ಕುರಿತಾದುದು. ಲಕ್ಷಾಂತರ ರೂಪಾಯಿಯ ಟಬ್ಬು ಮಾರುವವನು ಆ ಪ್ರಶ್ನೆ ಕೇಳದಿರುವುದೇ ವಿಚಿತ್ರ.

ನಂಜನಗೂಡು ಪಟ್ಟಣ ಕಪಿಲೆಯ ದಡದಲ್ಲಿದೆ. ವಯನಾಡಿನ ಮಳೆಕಾಡುಗಳಲ್ಲಿ ಹುಟ್ಟಿ, ಬೀಚನಹಳ್ಳಿಯ ಬಳಿ 1974ರಲ್ಲಿ ಪೂರ್ಣಗೊಂಡ ಅಣೆಕಟ್ಟನ್ನು ದಾಟಿ, ಶ್ರೀಕಂಠೇಶ್ವರನ ಸನ್ನಿಧಿಯ ಮುಂದೆ ಹರಿದು ನರಸೀಪುರದಲ್ಲಿ ಕಾವೇರಿಯನ್ನು ಸೇರುವ ಈ ನದಿಯ ನೀರಿನಲ್ಲಿ ಕರಗಿದ ಲವಣ, ಸುತ್ತಲಿನ ಕೊಳವೆಬಾವಿಗಳ ನೀರಿಗೆ ಹೋಲಿಸಿದರೆ ಸಾಮಾನ್ಯವಾಗಿ ಕಡಿಮೆ. ಆದರೆ ಊರಿನಿಂದ ತುಸು ದೂರ ಹೋದರೆ ಕಥೆ ಬೇರೆ. ಗಟ್ಟಿ ಶಿಲೆಯ ಬಿರುಕುಗಳಲ್ಲಿ ವರ್ಷಾನುಗಟ್ಟಲೆ ನಿಂತು ಕಲ್ಲಿನ ಸುಣ್ಣವನ್ನೂ ಮೆಗ್ನೀಸಿಯಮ್ಮನ್ನೂ ಕರಗಿಸಿಕೊಂಡ ನೀರನ್ನು ಕೊಳವೆಬಾವಿ ಮೇಲಕ್ಕೆ ತರುತ್ತದೆ. ಬೇಳೆ ಬೇಯದ ನೀರು, ಸೋಪು ನೊರೆ ಬಾರದ ನೀರು ಎಂದು ಹಳ್ಳಿಯವರು ಅದನ್ನು ಗುರುತಿಸುತ್ತಾರೆ. ಪಟ್ಟಣದವರು ಚಿಕ್ಕದಾಗಿ ಉಪ್ಪುನೀರು ಎನ್ನುತ್ತಾರೆ. ಒಂದೇ ರಸ್ತೆಯ ಎರಡು ಮನೆಗಳ ಕೊಳವೆಬಾವಿಗಳ ನೀರು ಕೂಡ ಒಂದೇ ಬಗೆಯದಾಗಿರಬೇಕೆಂಬ ನಿಯಮವಿಲ್ಲ. ತೋಟದ ಮನೆಗಳಿರುವುದು ಇಂತಹ ಕಡೆಗಳಲ್ಲಿಯೇ, ಟಬ್ಬು ಕೊಳ್ಳುವವರೂ ಅವರೇ.

ಇಲ್ಲಿ ಅನೇಕ ವರ್ತಕರು ಒಂದು ತಪ್ಪು ಸಮಾಧಾನ ಹೇಳಿಕೊಳ್ಳುತ್ತಾರೆ: ಕುಡಿಯಲು ಯೋಗ್ಯವಾದ ನೀರು ಸ್ನಾನಕ್ಕೆ ಯೋಗ್ಯವಲ್ಲವೇ ಎಂದು. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ ಐ.ಎಸ್. 10500 ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಎಂಬ ಮಿತಿಯನ್ನು ಸೂಚಿಸುತ್ತದೆ. ಬೇರೆ ಮೂಲವಿಲ್ಲದಿದ್ದಲ್ಲಿ 600ರವರೆಗೂ ಅವಕಾಶ ಕೊಡುತ್ತದೆ. ಕ್ಷಾರತೆಗೂ ಇವೇ ಎರಡು ಅಂಕಿಗಳು. ಬಿಸಿನೀರಿನ ಟಬ್ಬಿನ ಅವಶ್ಯಕತೆ ಇದಕ್ಕಿಂತ ಬಹಳ ಕಿರಿದು. ತಯಾರಕರು ಸಾಮಾನ್ಯವಾಗಿ ಕೇಳುವುದು ಕ್ಷಾರತೆ 80ರಿಂದ 120, ಕ್ಯಾಲ್ಸಿಯಂ ಗಡಸುತನ 150ರಿಂದ 250, ಪಿ.ಎಚ್. 7.2ರಿಂದ 7.8. ಅಂದರೆ ಸರ್ಕಾರದ ಪ್ರಯೋಗಾಲಯ ಕುಡಿಯಲು ಯೋಗ್ಯವೆಂದು ಮುದ್ರೆಯೊತ್ತಿದ ನೀರು ಕೂಡ ಟಬ್ಬಿನ ಹೀಟರನ್ನು ಒಂದೇ ಋತುವಿನಲ್ಲಿ ಹಾಳುಮಾಡಬಲ್ಲದು. ಇದಕ್ಕೆ ನೀರನ್ನು ದೂರುವಂತಿಲ್ಲ, ಪ್ರಯೋಗಾಲಯವನ್ನೂ ದೂರುವಂತಿಲ್ಲ.

ಕಾದ ನೀರಿನಲ್ಲಿ ನಡೆಯುವುದೇನು

ಸಕ್ಕರೆ, ಉಪ್ಪು ಮುಂತಾದವು ಬಿಸಿನೀರಿನಲ್ಲಿ ಹೆಚ್ಚು ಕರಗುತ್ತವೆ. ಸುಣ್ಣದ ಕಾರ್ಬೊನೇಟು ಇದಕ್ಕೆ ತದ್ವಿರುದ್ಧ. ನೀರು ಕಾದಷ್ಟೂ ಅದು ಕಡಿಮೆ ಕರಗಿ ಹೊರಬೀಳುತ್ತದೆ, ಅದೂ ಅತಿ ಹೆಚ್ಚು ಕಾದ ಜಾಗದಲ್ಲಿ, ಎಂದರೆ ಹೀಟರಿನ ಸುರುಳಿಯ ಮೇಲೆ. ಪರೆ ಕಟ್ಟಿದ ಸುರುಳಿ ಶಾಖವನ್ನು ನೀರಿಗೆ ಬಿಟ್ಟುಕೊಡಲಾರದೆ ತಾನೇ ಸುಟ್ಟುಹೋಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲ್ಯಾಂಗೆಲಿಯರ್ ಎಂಬ ಎಂಜಿನಿಯರು 1936ರಲ್ಲಿ, ನೀರು ಸುಣ್ಣವನ್ನು ಕಕ್ಕುವುದೋ ಅಥವಾ ಕೊಳವೆಯ ಲೇಪವನ್ನು ಕರಗಿಸುವುದೋ ಎಂಬುದನ್ನು ಮುಂಚಿತವಾಗಿ ಹೇಳುವ ಒಂದು ಸೂಚ್ಯಂಕವನ್ನು ಪ್ರಕಟಿಸಿದರು. ಪುರಸಭೆಗಳ ನೀರಿನ ಕೊಳವೆಗಳಿಗಾಗಿ ರೂಪಿಸಿದ ಆ ಲೆಕ್ಕವೇ ಇಂದು ಈಜುಕೊಳಗಳಿಗೂ ಟಬ್ಬುಗಳಿಗೂ ಆಧಾರ. ಪಿ.ಎಚ್., ಕ್ಷಾರತೆ, ಸುಣ್ಣ, ಒಟ್ಟು ಲವಣಗಳ ಜೊತೆಗೆ ಉಷ್ಣತೆಯೂ ಅದರಲ್ಲಿ ಒಂದು ಅಂಶ. ಮೇಲಿನ ಟ್ಯಾಂಕಿನಲ್ಲಿ ತಣ್ಣಗಿದ್ದಾಗ ಸಮತೋಲದಲ್ಲಿರುವ ನೀರು 40 ಡಿಗ್ರಿಗೆ ಏರಿದೊಡನೆ ಸುಣ್ಣ ಕಕ್ಕುವ ನೀರಾಗುವುದು ಈ ಕಾರಣದಿಂದ.

ಇನ್ನೊಂದು ಸಂಗತಿಯನ್ನು ಮಾರಾಟಗಾರರೇ ತಿಳಿದಿರುವುದಿಲ್ಲ. ಟಬ್ಬಿನ ಜೆಟ್ಟುಗಳು ನೀರಿಗೆ ಗಾಳಿ ಬೆರೆಸುತ್ತವೆ. ಕ್ಷಾರತೆ ಹೆಚ್ಚಿರುವ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಗಾಳಿ ಹಾಯ್ದಂತೆ ಅದು ಹಾರಿಹೋಗಿ ಪಿ.ಎಚ್. ಏರುತ್ತದೆ. ಗ್ರಾಹಕ ಆಸಿಡ್ ಹಾಕಿ ಇಳಿಸುತ್ತಾನೆ, ಜೆಟ್ ಹಾಕಿದ ಮರುದಿನ ಅದು ಮತ್ತೆ ಮೇಲೇರಿರುತ್ತದೆ. ಪರೀಕ್ಷಾ ಪಟ್ಟಿ ಸುಳ್ಳೆಂದೋ, ಪುಡಿ ಕಲಬೆರಕೆಯೆಂದೋ ದೂರು ಹೊತ್ತು ಅಂಗಡಿಗೆ ಬರುತ್ತಾನೆ. ವಾಸ್ತವದಲ್ಲಿ ಯಾವುದೂ ಸುಳ್ಳಲ್ಲ. ಪ್ರತಿ ಸಲ ಆಸಿಡ್ ಬಿದ್ದಾಗ ಕ್ಷಾರತೆ ಒಂದಿಷ್ಟು ಕುಗ್ಗಿರುತ್ತದೆ, ಗಾಳಿ ಮಾತ್ರ ಕ್ಷಾರತೆಯನ್ನು ಮುಟ್ಟದೆ ಪಿ.ಎಚ್.ಅನ್ನು ಏರಿಸುತ್ತದೆ. ಆಸಿಡ್ಡಿನಿಂದ ಇಳಿಸಿ, ಗಾಳಿಯಿಂದ ಏರಲು ಬಿಟ್ಟು, ಪುನಃ ಇಳಿಸುವ ಈ ಕ್ರಮವನ್ನು ಎರಡು ಮೂರು ದಿನ ತಾಳ್ಮೆಯಿಂದ ನಡೆಸಿದರೆ ಕ್ಷಾರತೆ ಬೇಕಾದ ಮಟ್ಟಕ್ಕೆ ಬಂದು ಪಿ.ಎಚ್. ನಿಲ್ಲುತ್ತದೆ. ಆದುದರಿಂದಲೇ ಮೊದಲು ಕ್ಷಾರತೆ, ಆಮೇಲೆ ಪಿ.ಎಚ್., ನಂತರ ಸುಣ್ಣ, ಕೊನೆಗೆ ಕ್ರಿಮಿನಾಶಕ ಎಂಬ ಕ್ರಮ. ಮಾರುವ ದಿನವೇ ಇದನ್ನು ಐದು ನಿಮಿಷ ವಿವರಿಸಿದ್ದರೆ ಗ್ರಾಹಕ ಮೂರು ಬಾರಿ ಅಂಗಡಿಗೆ ಅಲೆಯುತ್ತಿರಲಿಲ್ಲ.

ಲೆಕ್ಕವೇನೂ ಕಠಿಣವಲ್ಲ. ಉದಾಹರಣೆಗೆ 1,200 ಲೀಟರಿನ ಟಬ್ಬು ಇದೆಯೆಂದೂ, ತೋಟದ ಕೊಳವೆಬಾವಿಯ ನೀರಿನ ಗಡಸುತನ 480, ಕ್ಷಾರತೆ 320 ಎಂದೂ ಇಟ್ಟುಕೊಳ್ಳಬಹುದು. ಇವು ಲೆಕ್ಕಕ್ಕಾಗಿ ಹಿಡಿದ ಅಂಕಿಗಳು, ಯಾವುದೇ ಬಾವಿಯ ವರದಿಯಲ್ಲ. ಆ ನೀರನ್ನೇ ತುಂಬಿದರೆ ಕ್ಷಾರತೆಯನ್ನು 100ಕ್ಕೆ ತರಲು ಸುಮಾರು 630 ಗ್ರಾಂ ಸೋಡಿಯಂ ಬೈಸಲ್ಫೇಟ್, ಅಂದರೆ ಪುಡಿ ಆಸಿಡ್, ಕಂತುಕಂತಾಗಿ ಹಾಕಬೇಕು. ಅಷ್ಟು ಹಾಕಿದರೂ ಗಡಸುತನ 480ರಲ್ಲಿಯೇ ಉಳಿಯುತ್ತದೆ. ಅದರ ಬದಲು ಗಡಸುತನ 80, ಕ್ಷಾರತೆ 70 ಇರುವ ನದಿನೀರನ್ನು 840 ಲೀಟರು, ಕೊಳವೆಬಾವಿಯ ನೀರನ್ನು 360 ಲೀಟರು ಬೆರೆಸಿದರೆ ಗಡಸುತನ ನೇರವಾಗಿ 200ಕ್ಕೆ, ಕ್ಷಾರತೆ 145ಕ್ಕೆ ಬರುತ್ತದೆ. ಮುಂದಿನ ಕೆಲಸಕ್ಕೆ 130 ಗ್ರಾಂ ಪುಡಿ ಸಾಕು. ಒಂದು ಟ್ಯಾಂಕರಿಗಿಂತ ಕಡಿಮೆ ನೀರಿನ ಪ್ರಶ್ನೆ ಇದು. ಚಾವಣಿಯಿಂದ ಹಿಡಿದಿಟ್ಟ ಮಳೆನೀರು ಸ್ವಚ್ಛವಾಗಿದ್ದರೆ ನದಿನೀರಿನ ಸ್ಥಾನದಲ್ಲಿ ಅದನ್ನೂ ಬಳಸಬಹುದು. ಇನ್ನು ಪೂರ್ತಿ ನದಿನೀರನ್ನೇ ತುಂಬಿದಲ್ಲಿ ಸಮಸ್ಯೆ ತಿರುಗಿ ನಿಲ್ಲುತ್ತದೆ: ತೀರ ಮೆದುವಾದ ನೀರು ನೊರೆ ಕಟ್ಟುತ್ತದೆ, ಲೋಹದ ಭಾಗಗಳನ್ನು ತಿನ್ನುತ್ತದೆ. ಆಗ 60 ಗ್ರಾಂ ಅಡುಗೆ ಸೋಡಾ, 175 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಅದನ್ನು ಮೇಲೆತ್ತಬೇಕು.

ಸಾಫ್ಟನರ್ ಯಂತ್ರಗಳನ್ನು ಮಾರುವವರು ಇಲ್ಲಿ ಒಂದು ವಿಷಯವನ್ನು ಮರೆಮಾಚುವುದು ಸರಿಯಲ್ಲ. ಸಾಫ್ಟನರ್ ಸುಣ್ಣವನ್ನು ತೆಗೆದು ಅದರ ಜಾಗದಲ್ಲಿ ಸೋಡಿಯಂ ಬಿಡುತ್ತದೆ. ಕ್ಷಾರತೆಯನ್ನು ಅದು ಮುಟ್ಟುವುದೇ ಇಲ್ಲ. 320ರ ಕ್ಷಾರತೆಯ ನೀರು ಯಂತ್ರದಿಂದ ಹೊರಬಂದಾಗಲೂ 320ರಲ್ಲಿಯೇ ಇರುತ್ತದೆ, ಪಿ.ಎಚ್. ಏರುವ ಕಾಟ ತಪ್ಪುವುದಿಲ್ಲ. ಟಬ್ಬಿನ ಜೊತೆಗೆ ಸಾಫ್ಟನರನ್ನೂ ಕಟ್ಟಿಕೊಟ್ಟು ಎಲ್ಲ ಸರಿಹೋಯಿತೆಂದು ಹೇಳುವುದು ವ್ಯಾಪಾರಕ್ಕೆ ಹಿತವೆನಿಸಬಹುದು, ಗ್ರಾಹಕನಿಗೆ ಅಲ್ಲ.

ಹೊಸ ಟಬ್ಬಿನ ವಿಷಯದಲ್ಲಿ ಮತ್ತೊಂದು ಎಚ್ಚರಿಕೆ ಅವಶ್ಯಕ. ಅನೇಕ ತಯಾರಕರು ಟಬ್ಬನ್ನು ಕಳುಹಿಸುವ ಮುನ್ನ ನೀರು ತುಂಬಿ ಸೋರಿಕೆಯ ಪರೀಕ್ಷೆ ನಡೆಸುತ್ತಾರೆ. ಆ ನೀರು ಕೊಳವೆಗಳ ತಗ್ಗಿನಲ್ಲಿ ಸ್ವಲ್ಪ ಉಳಿದು, ಹಡಗು, ಲಾರಿ, ಉಗ್ರಾಣಗಳಲ್ಲಿ ತಿಂಗಳುಗಟ್ಟಲೆ ಕಳೆದು, ಕೊಳವೆಯ ಒಳಗೋಡೆಗೆ ಲೋಳೆಯ ಪದರ ಕಟ್ಟಿರುತ್ತದೆ. ಹೊಳೆಯುವ ಹೊಸ ಟಬ್ಬು ಒಳಗೆ ಹೊಸದಲ್ಲ. ಆದ್ದರಿಂದ ಮೊದಲ ಸಲ ತುಂಬಿದ ನೀರಿಗೆ ಕೊಳವೆ ಶುಚಿಮಾಡುವ ದ್ರವ ಹಾಕಿ, ಜೆಟ್ಟುಗಳನ್ನು ಓಡಿಸಿ, ಆ ನೀರನ್ನು ಪೂರ್ತಿ ಹೊರಬಿಟ್ಟ ನಂತರವೇ ಬಳಕೆಯ ನೀರು ತುಂಬಬೇಕು. ಒಂದು ದಿನ ತಡವಾಗುತ್ತದೆ. ಗೃಹಪ್ರವೇಶದ ಮುಹೂರ್ತಕ್ಕೆ ಮುನ್ನಾದಿನ ಟಬ್ಬು ಇಳಿಸುವ ವರ್ತಕನಿಗೆ ಆ ಒಂದು ದಿನ ದೊರೆಯುವುದಿಲ್ಲ. ಹಾಗಾಗಿ ಸರಕು ಒದಗಿಸುವ ದಿನಾಂಕವನ್ನು ಒಪ್ಪಿಕೊಳ್ಳುವಾಗಲೇ ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಎಣ್ಣೆಸ್ನಾನವೂ ಪರದೇಶದ ಕೈಪಿಡಿಯೂ

ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಟಬ್ಬಿನ ನೀರಿನಲ್ಲಿ ಕನಿಷ್ಠ ಲೀಟರಿಗೆ 3 ಮಿಲಿಗ್ರಾಂ ಮುಕ್ತ ಕ್ಲೋರಿನ್ ಅಥವಾ 4 ಮಿಲಿಗ್ರಾಂ ಬ್ರೋಮಿನ್ ಇರಬೇಕೆಂದೂ, ಉಷ್ಣತೆ 40 ಡಿಗ್ರಿ ಮೀರಬಾರದೆಂದೂ ಹೇಳುತ್ತದೆ. ಕ್ಲೋರಿನ್ನಿನ ಬಲ ಪಿ.ಎಚ್.ಅನ್ನು ಅವಲಂಬಿಸಿದೆ. 7.5ರಲ್ಲಿ ಅದರ ಅರ್ಧಭಾಗ ಕ್ರಿಮಿ ಕೊಲ್ಲುವ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲುಭಾಗ ಮಾತ್ರ. ಪುಡಿ ಅಷ್ಟೇ ಬಿದ್ದಿದ್ದರೂ ಕೆಲಸ ಅರ್ಧಕ್ಕಿಳಿಯುತ್ತದೆ ಎಂದಾಯಿತು. ಈಜುಕೊಳಕ್ಕೆ ಮಾರುವ ಟ್ರೈಕ್ಲೋರ್ ಬಿಲ್ಲೆಗಳನ್ನೇ ಟಬ್ಬಿಗೂ ಕೊಡುವ ಪರಿಪಾಠವೊಂದಿದೆ. ಆ ಬಿಲ್ಲೆಗಳು ಆಮ್ಲೀಯವಾದವು, ಜೊತೆಗೆ ಅವುಗಳಲ್ಲಿರುವ ಸಯನ್ಯೂರಿಕ್ ಆಮ್ಲ ನೀರಿನಲ್ಲಿ ಶೇಖರವಾಗುತ್ತ ಹೋಗಿ ಕ್ಲೋರಿನ್ನಿನ ವೇಗವನ್ನು ಕುಂದಿಸುತ್ತದೆ. ಬೆಚ್ಚಗಿನ ಟಬ್ಬಿಗೆ ಅವು ಸಲ್ಲವು. ಗ್ರಾಮ ಪಂಚಾಯಿತಿಯ ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪುಡಿಯೂ ಗಡಸು ನೀರಿಗೆ ಮತ್ತಷ್ಟು ಸುಣ್ಣ ಸೇರಿಸಿ ತಳದಲ್ಲಿ ಗಸಿ ಬಿಡುತ್ತದೆ.

ಪರದೇಶದ ಕೈಪಿಡಿಗಳು ಹೇಳದಿರುವ ವಿಷಯ ಒಂದಿದೆ. ಮೈಗೆ ಹರಳೆಣ್ಣೆಯನ್ನೋ ಎಳ್ಳೆಣ್ಣೆಯನ್ನೋ ತಿಕ್ಕಿಕೊಂಡು, ಬಿಸಿನೀರಿನಲ್ಲಿ ನೆನೆದು, ಸೀಗೆಪುಡಿಯಿಂದ ತೊಳೆಯುವುದು ಇಲ್ಲಿಯ ಅಭ್ಯಾಸ. ಹಂಡೆಯ ಸ್ನಾನಕ್ಕೆ ಇದು ಸರಿ. ಎಣ್ಣೆ ಹಚ್ಚಿದ ಮೈಯಲ್ಲಿ ಟಬ್ಬಿಗಿಳಿದರೆ ಫಿಲ್ಟರು ಜಿಡ್ಡುಗಟ್ಟುತ್ತದೆ, ಹಾಕಿದ ಕ್ಲೋರಿನ್ ಎಲ್ಲವನ್ನೂ ಎಣ್ಣೆಯೇ ನುಂಗುತ್ತದೆ, ಅಂಚಿನಲ್ಲಿ ಕಂದು ಗೆರೆ ಮೂಡುತ್ತದೆ. ಅರಿಸಿನ, ಗಂಧ, ಸೀಗೆಪುಡಿಗಳ ಕಥೆಯೂ ಇದೇ. ದೀಪಾವಳಿಯ ಬೆಳಿಗ್ಗೆ ಮನೆಮಂದಿಯೆಲ್ಲ ಹೊಸ ಟಬ್ಬಿನಲ್ಲಿಯೇ ಅಭ್ಯಂಜನ ಮುಗಿಸಿದರೆ ಸಂಜೆಗೆ ನೀರನ್ನು ಚೆಲ್ಲುವುದಲ್ಲದೆ ಬೇರೆ ದಾರಿಯಿಲ್ಲ. ಮೊದಲು ಬಚ್ಚಲಿನಲ್ಲಿ ಮೈತೊಳೆದು ಆಮೇಲೆ ಟಬ್ಬಿಗಿಳಿಯಬೇಕು ಎಂಬ ಒಂದು ಸಾಲನ್ನು ಕನ್ನಡದಲ್ಲಿ ಬರೆದು ಟಬ್ಬಿನ ಮುಚ್ಚಳದ ಮೇಲೆ ಅಂಟಿಸಿ ಕೊಡುವ ವರ್ತಕ, ಹತ್ತು ಪುಟದ ಇಂಗ್ಲಿಷ್ ಕೈಪಿಡಿಗಿಂತ ಹೆಚ್ಚಿನ ಉಪಕಾರ ಮಾಡಿದಂತಾಗುತ್ತದೆ.

ಪುಡಿಗಳ ಹೆಸರಿನಲ್ಲಿಯೂ ಅಪಾಯವಿದೆ. ದಿನಸಿ ಅಂಗಡಿಯಲ್ಲಿ ಸೋಡಾ ಎಂದರೆ ಅಡುಗೆ ಸೋಡಾ. ಬಟ್ಟೆ ಒಗೆಯುವವರಿಗೆ ಸೋಡಾ ಎಂದರೆ ವಾಷಿಂಗ್ ಸೋಡಾ. ಕಾರ್ಖಾನೆಯವರಿಗೆ ಅದು ಕಾಸ್ಟಿಕ್ ಸೋಡಾ. ಮೊದಲನೆಯದು ಕ್ಷಾರತೆಯನ್ನು ಮೆಲ್ಲಗೆ ಏರಿಸುತ್ತದೆ, ಎರಡನೆಯದು ಪಿ.ಎಚ್.ಅನ್ನು ಒಮ್ಮೆಲೇ ಎತ್ತಿ ನೀರನ್ನು ಹಾಲಿನಂತೆ ಬೆಳ್ಳಗಾಗಿಸುತ್ತದೆ, ಮೂರನೆಯದು ಚರ್ಮವನ್ನು ಸುಡುತ್ತದೆ. ಫೋನಿನಲ್ಲಿ ‘ಸ್ವಲ್ಪ ಸೋಡಾ ಹಾಕಿ’ ಎಂದು ಸಲಹೆ ಕೊಡುವ ವರ್ತಕ ಯಾವ ಸೋಡಾ ಎಂಬುದನ್ನು ಹೇಳದಿದ್ದರೆ ಅನಾಹುತಕ್ಕೆ ದಾರಿ. ದಾಸ್ತಾನಿನ ವಿಷಯದಲ್ಲಂತೂ ಉದಾಸೀನ ಸಲ್ಲದು. ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಮತ್ತು ಟ್ರೈಕ್ಲೋರ್ ಎರಡೂ ಕ್ಲೋರಿನ್ನಿನ ಸರಕುಗಳೇ ಎಂದು ಒಂದೇ ಕಪಾಟಿನಲ್ಲಿಟ್ಟು, ಒಂದರ ಚಮಚವನ್ನು ಇನ್ನೊಂದಕ್ಕೆ ಅದ್ದಿದರೆ ಬೆಂಕಿಯೋ ಸ್ಫೋಟವೋ ಸಂಭವಿಸಬಹುದು. ಆಸಿಡ್ಡಿನ ಪಕ್ಕದಲ್ಲಿ ಇಟ್ಟರೆ ವಿಷಾನಿಲ. ನೀರಿಗೆ ಪುಡಿ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಹುಯ್ಯಬಾರದು. ಸಿಮೆಂಟು, ಪೈಪು, ಬಣ್ಣದ ಡಬ್ಬಗಳ ನಡುವೆ ಸೋರುವ ಚಾವಣಿಯ ಕೆಳಗೆ ಈ ಸರಕನ್ನು ಇಡುವ ಉಗ್ರಾಣಗಳು ಇಲ್ಲವೆಂದು ಯಾರೂ ಎದೆತಟ್ಟಿ ಹೇಳಲಾರರು.

ಹೊಣೆಯ ಪ್ರಶ್ನೆ

ಇದೆಲ್ಲ ಕೇವಲ ಹೀಟರು ಕೆಡುವ ಮಾತಾಗಿದ್ದರೆ ಇಷ್ಟು ವಿಸ್ತರಿಸುವ ಅಗತ್ಯವಿರಲಿಲ್ಲ. 1999ರ ಫೆಬ್ರವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ಬೋವನ್‌ಕಾರ್ಸ್‌ಪೆಲ್ ಎಂಬ ಊರಿನಲ್ಲಿ ಹೂವಿನ ದೊಡ್ಡ ಪ್ರದರ್ಶನವೊಂದು ನಡೆಯಿತು. ಅದರ ಮಳಿಗೆಗಳಲ್ಲಿ ಮಾರಾಟಕ್ಕಾಗಿ ಬಿಸಿನೀರು ತುಂಬಿ ಗುಳ್ಳೆಯೆಬ್ಬಿಸುತ್ತಿದ್ದ ಟಬ್ಬನ್ನು ಇರಿಸಲಾಗಿತ್ತು. ನೀರಿಗೆ ಸರಿಯಾದ ಕ್ರಿಮಿನಾಶಕವಿರಲಿಲ್ಲ. ಲೀಜನೆಲ್ಲ ಎಂಬ ಬ್ಯಾಕ್ಟೀರಿಯಾ ಬೆಚ್ಚಗಿನ ನೀರಿನಲ್ಲಿ ಬೆಳೆದು, ಗುಳ್ಳೆ ಒಡೆದಾಗ ಏಳುವ ಸೂಕ್ಷ್ಮ ಹನಿಗಳ ಮೂಲಕ ಹರಡಿತು. ನೂರಕ್ಕೂ ಹೆಚ್ಚು ಜನ ತೀವ್ರ ಶ್ವಾಸಕೋಶದ ಕಾಯಿಲೆಗೆ ತುತ್ತಾದರು, ಅನೇಕರು ಸತ್ತರು. ಅವರು ಯಾರೂ ಟಬ್ಬಿನಲ್ಲಿ ಸ್ನಾನ ಮಾಡಿದವರಲ್ಲ. ಪಕ್ಕದಲ್ಲಿ ನಡೆದು ಹೋದವರು. ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿಯೋ ಬೇರೆ ಮೇಳದಲ್ಲಿಯೋ ನೀರು ತುಂಬಿದ ಟಬ್ಬನ್ನು ಓಡಿಸಿ ತೋರಿಸುವ ಯೋಚನೆ ಯಾವ ವರ್ತಕನಿಗಾದರೂ ಇದ್ದಲ್ಲಿ ಈ ಘಟನೆಯನ್ನು ಓದಿಕೊಳ್ಳಬೇಕು. ಪ್ರದರ್ಶನಕ್ಕೆ ಖಾಲಿ ಟಬ್ಬು ಸಾಕು.

ಕಾನೂನಿನ ಕಡೆಯಿಂದಲೂ ಹಿಂದಿನ ನಿರಾಳತೆ ಈಗಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ಸರಕಿನಿಂದಾಗುವ ಹಾನಿಯ ಹೊಣೆಗಾರಿಕೆಗೆ ಒಂದು ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದೆ. ಅದರ 86ನೆಯ ಪ್ರಕರಣದ ಪ್ರಕಾರ, ಅಪಾಯ ಮತ್ತು ಸರಿಯಾದ ಬಳಕೆಯ ಕುರಿತು ತಯಾರಕನು ಕೊಟ್ಟ ಎಚ್ಚರಿಕೆ, ಸೂಚನೆಗಳನ್ನು ಗ್ರಾಹಕನಿಗೆ ತಲುಪಿಸದೆ ಅದರಿಂದ ಹಾನಿ ಉಂಟಾದರೆ, ತಯಾರಕನಲ್ಲದ ಮಾರಾಟಗಾರನೂ ಹೊಣೆಯಾಗುತ್ತಾನೆ. ಇಂಗ್ಲಿಷ್ ಕೈಪಿಡಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟೇ ಕಳುಹಿಸಿದ್ದೇನೆ ಎಂಬ ಉತ್ತರ ಆಯೋಗದ ಮುಂದೆ ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ವರ್ತಕರು ತಮ್ಮ ವಕೀಲರನ್ನೇ ಕೇಳುವುದು ಒಳಿತು. ಇತ್ತ ಕಂಪನಿಯ ಖಾತರಿ ಪತ್ರದಲ್ಲಿ, ನೀರಿನ ಅಸಮತೋಲನದಿಂದಾದ ಹಾನಿಗೆ ಖಾತರಿ ಅನ್ವಯಿಸದು ಎಂಬ ಷರತ್ತು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಕಂಪನಿ ಕೈಕೊಡವಿಕೊಂಡಾಗ ಗ್ರಾಹಕನ ಎದುರಿಗೆ ಉಳಿಯುವವನು ಊರಿನ ವರ್ತಕ ಒಬ್ಬನೇ.

ನೀರಿನ ಪರೀಕ್ಷೆಯ ಮಾತೆತ್ತಿದರೆ ಗ್ರಾಹಕ ಬೆದರಿ ಬೇರೆ ಅಂಗಡಿಗೆ ಹೋಗುತ್ತಾನೆ, ಮೈಸೂರಿನ ಪೈಪೋಟಿಯಲ್ಲಿ ಇಂತಹ ಉಪಚಾರಕ್ಕೆ ಎಡೆಯಿಲ್ಲ ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಒಬ್ಬ ವರ್ತಕ ಮಾತ್ರ ಪರೀಕ್ಷೆ ನಡೆಸಿ ಪಕ್ಕದವನು ನಡೆಸದಿದ್ದರೆ ಮೊದಲನೆಯವನಿಗೆ ನಷ್ಟ. ಅದಕ್ಕಾಗಿಯೇ ಇದು ವರ್ತಕರ ಸಂಘಗಳು ಒಮ್ಮತದಿಂದ ಕೈಗೊಳ್ಳಬೇಕಾದ ಕ್ರಮ: ಟಬ್ಬಿನ ಬೆಲೆಯಲ್ಲಿಯೇ ನೀರಿನ ಪರೀಕ್ಷೆ, ಮೊದಲ ತುಂಬುವಿಕೆ ಹಾಗೂ ಮೊದಲ ತಿಂಗಳ ಪುಡಿಗಳು ಸೇರಿರಬೇಕು ಮತ್ತು ಅವನ್ನು ಬಿಲ್ಲಿನಲ್ಲಿ ಪ್ರತ್ಯೇಕ ಸಾಲಾಗಿ ಕಾಣಿಸಬೇಕು. ಪರೀಕ್ಷೆಗೆ ದೂರ ಹೋಗಬೇಕಾಗಿಲ್ಲ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಯೋಜನೆಯಡಿ ಸರ್ಕಾರಿ ನೀರಿನ ಪ್ರಯೋಗಾಲಯಗಳನ್ನು ಸಾರ್ವಜನಿಕರಿಗೂ ತೆರೆಯಲಾಗಿದೆ. ಹಳ್ಳಿಗಳ ಮಹಿಳೆಯರಿಗೆ ಪರೀಕ್ಷಾ ಪೆಟ್ಟಿಗೆಯ ಬಳಕೆಯನ್ನು ಕಲಿಸಲಾಗಿದೆ. ಹಳ್ಳಿಯ ಮಹಿಳೆ ಮಾಡಬಲ್ಲ ಪರೀಕ್ಷೆಯನ್ನು ಪಟ್ಟಣದ ಷೋರೂಮು ಮಾಡಲಾರದೆಂದರೆ ನಂಬುವುದು ಕಷ್ಟ.

ಸಣ್ಣ ತಯಾರಕರಿಗೂ ಇಲ್ಲಿ ಅವಕಾಶವಿದೆ. ಆಕರ್ಷಕ ಡಬ್ಬಗಳಲ್ಲಿ ‘ಆಲ್ಕಲಿನಿಟಿ ಅಪ್’ ಎಂದು ದುಬಾರಿ ಬೆಲೆಗೆ ಮಾರಾಟವಾಗುವುದು ಬೇಕರಿಗೆ ಮೂಟೆಗಟ್ಟಲೆ ಹೋಗುವ ಅಡುಗೆ ಸೋಡಾವೇ. ‘ಕ್ಯಾಲ್ಸಿಯಂ ಅಪ್’ ಎಂಬುದು ಕ್ಯಾಲ್ಸಿಯಂ ಕ್ಲೋರೈಡ್, ‘ಪಿ.ಎಚ್. ಡೌನ್’ ಎಂಬುದು ಬಹುತೇಕ ಸೋಡಿಯಂ ಬೈಸಲ್ಫೇಟ್. ಇವುಗಳನ್ನು ಶುದ್ಧ ರೂಪದಲ್ಲಿ ತಂದು, ತೇವ ತಾಗದಂತೆ, ಅಳತೆ ಮಾಡಿ ಪೊಟ್ಟಣ ಕಟ್ಟುವುದಕ್ಕೆ ನಂಜನಗೂಡಿನ ಒಂದು ಸಣ್ಣ ಘಟಕ ಸಾಕು. ಗಿರಾಕಿಗಳು ಟಬ್ಬಿನವರಷ್ಟೇ ಅಲ್ಲ, ಈಜುಕೊಳವುಳ್ಳ ಹೋಟೆಲು, ರೆಸಾರ್ಟುಗಳೂ ಸೇರುತ್ತವೆ. ಅಂದಹಾಗೆ, ಜನ ಈ ಟಬ್ಬನ್ನು ಜಕೂಜಿ ಎಂದು ಕರೆಯುವುದು ಇಟಲಿಯಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದ ಒಂದು ಕುಟುಂಬದ ಹೆಸರಿನಿಂದ. ಮೊದಲು ವಿಮಾನದ ಪ್ರೊಪೆಲ್ಲರು, ಆಮೇಲೆ ಬೇಸಾಯದ ನೀರೆತ್ತುವ ಪಂಪು ತಯಾರಿಸುತ್ತಿದ್ದ ಆ ಮನೆತನದವರು 1948ರಲ್ಲಿ ಸಂಧಿವಾತದಿಂದ ನರಳುತ್ತಿದ್ದ ಮಗುವೊಂದಕ್ಕಾಗಿ ಸ್ನಾನದ ತೊಟ್ಟಿಯಲ್ಲಿ ಇಡುವ ಚಿಕ್ಕ ಪಂಪನ್ನು ರೂಪಿಸಿದರು. 1968ರಲ್ಲಿ ಅದು ಪೂರ್ಣ ಟಬ್ಬಾಯಿತು.

ನೀರನ್ನು ಎಷ್ಟು ದಿನಕ್ಕೊಮ್ಮೆ ಬದಲಿಸಬೇಕೆಂಬುದಕ್ಕೂ ಒಂದು ಸರಳ ಲೆಕ್ಕ ರೂಢಿಯಲ್ಲಿದೆ. ಟಬ್ಬಿನ ಲೀಟರುಗಳನ್ನು 11ರಿಂದಲೂ, ದಿನಕ್ಕೆ ಇಳಿ‌ಯುವವರ ಸಂಖ್ಯೆಯಿಂದಲೂ ಭಾಗಿಸಿದರೆ ದಿನಗಳು ದೊರೆಯುತ್ತವೆ. 1,200 ಲೀಟರಿನಲ್ಲಿ ದಿನವೂ ಇಬ್ಬರು ಇಳಿದರೆ ಸುಮಾರು 54 ದಿನ, ನಾಲ್ವರಾದರೆ 27. ಹೊರಬಿಡುವ ಮುನ್ನ ಮುಚ್ಚಳ ತೆಗೆದಿಟ್ಟು ಎರಡು ಮೂರು ದಿನ ಕ್ಲೋರಿನ್ ಇಳಿಯಲು ಬಿಡಬೇಕು. ಆ ನೀರನ್ನು ಮಳೆನೀರಿನ ಚರಂಡಿಗೆ ಬಿಟ್ಟರೆ ಅದು ಕೊನೆಗೆ ಸೇರುವುದು ಕಪಿಲೆಯನ್ನೇ. ಬ್ರೋಮಿನ್ ಬಳಸಿದ ನೀರನ್ನು ಗಿಡಗಳಿಗೆ, ಅದರಲ್ಲಿಯೂ ಅಳಿದುಳಿದ ರಸಬಾಳೆಯ ಬುಡಕ್ಕೆ, ಹಾಯಿಸದಿರುವುದು ಮೇಲು.

ಮನೆಗೆ ಹೋಗಿ ಟಬ್ಬು ಕೂರಿಸಿ ನೀರು ತುಂಬುವವನು ವರ್ತಕನಲ್ಲ, ಪ್ಲಂಬರು. ಗ್ರಾಹಕನ ಪ್ರಶ್ನೆಗಳನ್ನು ಮೊದಲು ಎದುರಿಸುವವನೂ ಅವನೇ. ಸಂಘಗಳು ಪ್ಲಂಬರುಗಳಿಗೆ ಅರ್ಧ ದಿನದ ತರಬೇತಿ ಏರ್ಪಡಿಸಿ, ಪ್ರತಿಯೊಬ್ಬರ ಚೀಲದಲ್ಲಿ ಒಂದು ಪರೀಕ್ಷಾ ಪೆಟ್ಟಿಗೆಯೂ ಒಂದು ಚಿಕ್ಕ ತಕ್ಕಡಿಯೂ ಇರುವಂತೆ ನೋಡಿಕೊಳ್ಳಬೇಕು. ಅವನ ಕೈಗೆ ಕೊಡುವ ಕನ್ನಡದ ಚೀಟಿಯಲ್ಲಿ ಔನ್ಸು, ಗ್ಯಾಲನ್ನು, ಫ್ಯಾರನ್‌ಹೀಟುಗಳು ಬೇಡ. ಸಾವಿರ ಲೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕವಿರಲಿ, ಸೋಡಾದ ಪೂರ್ತಿ ಹೆಸರಿರಲಿ, ಟಬ್ಬು ತುಂಬಿದ ದಿನಾಂಕ ಮತ್ತು ಅಂದಿನ ನಾಲ್ಕು ಅಂಕಿಗಳನ್ನು ಬರೆದು ಗ್ರಾಹಕನ ರುಜು ಪಡೆಯಲು ಕೆಳಗೆ ಸ್ಥಳವಿರಲಿ.